ಗಾಯ ಮುಚ್ಚುವ ಸೂಪಿನ ಗ್ಯೋಕ್-ಲಾನ್ ಅಜ್ಜಿ

ತೈನಾನ್ ಊರಿನ ದೊಡ್ಡಾಸ್ಪತ್ರೆಯ ಎದುರಿಗೇ ಗ್ಯೋಕ್-ಲಾನ್ ಅಜ್ಜಿಯ ಮೀನಿನ ಸೂಪಿನ ಅಂಗಡಿ. ನಮ್ಮಲ್ಲಿ ಯಾರ ಮೈಮೇಲೆ ಕತ್ತರಿ ಆಡಿದರೂ ಮನೆಯವರು ಮೊದಲು ಓಡುವುದು ಲೋಹೀ ಎಂಬ ಮೀನಿನ ಸೂಪಿಗೆ. ಕುಡಿದರೆ ಗಾಯ ಬೇಗ ಕೂಡಿಕೊಳ್ಳುತ್ತದೆಂದು ಎಲ್ಲರ ನಂಬಿಕೆ. ಅರ್ಧ ಊರಿನ ಹೊಟ್ಟೆ, ಮಂಡಿಗಳ ಗಾಯ ಮುಚ್ಚಿದವಳು ತಾನೇ ಎಂದು ಅಜ್ಜಿ ತಿಳಿದಿದ್ದಳು. ಹೊಲಿಗೆ ಹಾಕಿದ ಡಾಕ್ಟರುಗಳ ಪಾಲೂ ಅದರಲ್ಲಿ ಅಲ್ಪಸ್ವಲ್ಪ ಇರಬಹುದು, ಅಷ್ಟೇ.

ಅಂಥವಳಿಗೆ ಗ್ಲಾಕೋಮಾ ಬಂತು. ಕಣ್ಣಿನೊಳಗಿನ ನೀರು ಹರಿದುಹೋಗದೆ ಒತ್ತಡವೇರಿ ಬಲಗಣ್ಣು ಆಗಲೇ ಹೋಗಿತ್ತು. ಉಳಿದದ್ದು ಎಡಗಣ್ಣೊಂದೇ.

“ನೀರು ಹೊರಗೆ ಹೋಗೋಕೆ ಒಂದು ಸಣ್ಣ ದಾರಿ ಮಾಡ್ತೀನಿ ಅಜ್ಜಿ,” ಎಂದರು ಎಳೆಯ ಡಾಕ್ಟರ್ ವೆಯ್. “ಆದ್ರೆ ಮೈ ಸುಮ್ನಿರಲ್ಲ, ಗಾಯ ಅಂದ್ಕೊಂಡು ಮುಚ್ಚೋಕೆ ನೋಡುತ್ತೆ. ಮುಚ್ಚಿದ್ರೆ ಆಪರೇಷನ್ ದಂಡ.”

“ಅಯ್ಯೋ! ಹುಡುಗಿಯಾಗಿದ್ದಾಗಿಂದ ನನ್ನ ಸೂಪೇ ಕುಡಿದ ಮೈ ಇದು. ಇದರಲ್ಲಿ ತೂತು ಉಳಿಯುತ್ತಾ?”

“ಅದಕ್ಕೇ ಔಷಧಿ ಇದೆ. ಅದರಲ್ಲಿ ಸ್ಪಂಜಿನ ಚೂರು ನೆನೆಸಿ ಕೆಲವೇ ನಿಮಿಷ ಅಲ್ಲಿಡ್ತೀನಿ. ಕಲೆಗಟ್ಟೋದನ್ನ ತಡೆಯುತ್ತೆ.”

“ಅದು ಇಳೀತಾ ಇಳೀತಾ ಕಣ್ಣೊಳಗೇ ಹೋದ್ರೆ?”

“ಮೀನಿಗೆ ಉಪ್ಪು ಸವರಿದ ಹಾಗೆ. ಮೇಲ್ಮೇಲೆ ಜಾಸ್ತಿ ಹೀರುತ್ತೆ, ಒಳಕ್ಕೆ ಹೋದಷ್ಟೂ ಕಮ್ಮಿ. ತುಂಬಾ ಹೊತ್ತು ಬಿಟ್ರೆ ಆಳಕ್ಕಿಳಿಯುತ್ತೆ. ಅದಕ್ಕೇ ಬೇಗ ತೆಗೆದು ಚೆನ್ನಾಗಿ ತೊಳೆದುಬಿಡ್ತೀನಿ.”

“ಉಪ್ಪು ಸವರಿ ತೊಳೆಯೋದಾ? ಅದು ಪಕ್ಕದಂಗಡಿ ಬುನ್-ಹಾಯ್ ಮಾಡೋ ಅಡುಗೆ! ಅವನ ಸೂಪಲ್ಲಿ ಸತ್ವವೇ ಇಲ್ಲ!”

ಡಾಕ್ಟರಿಗೆ ನಗು ಬಂತು. “ಭಯ ಬೇಡ, ಸೂಪು ಕುಡೀರಿ. ಅದರಿಂದ ಏನೂ ಆಗಲ್ಲ.”

ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು. “ಏನೂ ಆಗಲ್ವಾ? ನಿಮ್ಮ ಅಪೆಂಡಿಕ್ಸ್ ತೆಗೆದಾಗ ನಿಮ್ಮಮ್ಮ ಯಾರಂಗಡಿ ಮುಂದೆ ನಿಂತಿದ್ರು?”

“ನಿಮ್ಮಂಗಡೀನೇ ಅಜ್ಜಿ. ಶಕ್ತಿ ಇದೆ, ಖಂಡಿತ ಇದೆ.”

“ಹಾಗಾದ್ರೆ ಮುಚ್ಚುತ್ತೆ!”

ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಆಪರೇಷನ್ ಸಲೀಸಾಗಿ ಮುಗಿಯಿತು. ನೋಡಲು ಬಂದ ನೆಂಟರೆಲ್ಲ ಅಜ್ಜಿಯ ಅಂಗಡಿಯಿಂದಲೇ ಸೂಪು ಕೊಂಡು ತಂದರು. ಅಜ್ಜಿ ಅದರ ಹಬೆಯೂ ತಾಗದಂತೆ ಮೂಗಿಗೆ ಟವೆಲ್ಲು ಒತ್ತಿಕೊಂಡು ಗೋಡೆಯತ್ತ ತಿರುಗಿದಳು. ಬರೀ ಗಂಜಿ ಕುಡಿದು ಹೊಟ್ಟೆ ತಾಳ ಹಾಕತೊಡಗಿತು.

ಆಗ ಬುನ್-ಹಾಯ್ ಬಂದ, ಕೈಯಲ್ಲಿ ತನ್ನಂಗಡಿಯ ಸೂಪಿನ ಪಾತ್ರೆ. “ಬೈಬೇಡಿ ಅಕ್ಕ. ಬರಿಗೈಲಿ ಬರೋಕೆ ಮನಸ್ಸಾಗಲಿಲ್ಲ.”

“ನೀನೇ ಮಾಡಿದ್ದಾ? ನನ್ನ ಅಡುಗೆ ಕದ್ದು ನೋಡಿಲ್ಲ ತಾನೇ?”

“ತಾಯಾಣೆಗೂ ಇಲ್ಲ.”

“ಕೊಡು ಹಾಗಾದ್ರೆ!” ಅಜ್ಜಿ ಪಾತ್ರೆ ಎತ್ತಿ ತಳ ಕಾಣುವವರೆಗೂ ಕುಡಿದಳು. ಅವನ ಸೂಪನ್ನು ಎಂದೂ ನಾಲಿಗೆಗೆ ಸೋಕಿಸದವಳು ಹೀಗೆ ಕುಡಿದದ್ದು ಕಂಡು ಬುನ್-ಹಾಯ್‌ಗೆ ಕಣ್ಣೀರೇ ಬಂತು. ಅಂದಿನಿಂದ ದಿನವೂ ತಂದ. ಅಜ್ಜಿ ದಿನವೂ ಕುಡಿದಳು.

ಕೊನೆಯ ತಪಾಸಣೆಯ ದಿನ ಡಾಕ್ಟರ್ ವೆಯ್ ಮುಖ ಅರಳಿಸಿದರು. “ದಾರಿ ತೆರೆದೇ ಇದೆ ಅಜ್ಜಿ, ಒತ್ತಡವೂ ಇಳಿದಿದೆ. ಔಷಧಿ ಚೆನ್ನಾಗಿ ಕೆಲಸ ಮಾಡಿದೆ.”

“ಔಷಧಿ ಒಂದೇ ಅಲ್ಲ ಡಾಕ್ಟ್ರೇ,” ಎಂದು ಅಜ್ಜಿ ವರಾಂಡವೆಲ್ಲ ಕೇಳುವಂತೆ ಕೂಗಿದಳು. “ಬುನ್-ಹಾಯ್ ಸೂಪು! ಪಾತ್ರೆಗಟ್ಟಲೆ ಕುಡಿದೆ, ಕೂದಲೆಳೆಯಷ್ಟೂ ಮುಚ್ಚಿಲ್ಲ ನೋಡಿ!”

ಮಾತು ಬುನ್-ಹಾಯ್ ಕಿವಿಗೂ ಬಿತ್ತು. ಅಜ್ಜಿ ಆಸ್ಪತ್ರೆಯ ಬಾಗಿಲು ದಾಟುವಷ್ಟರಲ್ಲಿ ರಸ್ತೆಯಾಚೆ ಅವನಂಗಡಿಯ ನೆತ್ತಿಗೆ ಹೊಸ ಬೋರ್ಡು ಏರಿತ್ತು: “ಗ್ಲಾಕೋಮಾದವರಿಗೆ ವಿಶೇಷ ಸೂಪು. ಏನನ್ನೂ ಮುಚ್ಚುವುದಿಲ್ಲ.”

ಅಜ್ಜಿ ಇದ್ದಲ್ಲಿಂದಲೇ ಎಡಗಣ್ಣಿನಲ್ಲಿ ಪೂರ್ತಿ ಓದಿದಳು.

“ಏನೋ ಬುನ್-ಹಾಯ್, ಇಷ್ಟು ದಪ್ಪ ಅಕ್ಷರ ಯಾಕೋ? ನನಗೇನು ಕಣ್ಣು ಕಾಣಲ್ವಾ?”