ಮೆಷಿನಕ್ಕ ಮತ್ತು ಹದಿನಾಲ್ಕು ಸಾಲಿನ ಪಟ್ಟಿ

ಮೆಷಿನಕ್ಕನ ಗಂಡನಿಗೆ ಕಿವಿ ಕೇಳಿಸುವುದಿಲ್ಲವೆಂದು ಇಡೀ ಬೀದಿ ನಂಬಿತ್ತು. ಇದನ್ನು ಬರೆಯುತ್ತಿರುವ ಬುದ್ಧಿವಂತನೂ ಆ ಬೀದಿಯವನೇ. ದಿನಾ ಸಂಜೆ ಮಹಡಿಯ ಕಿಟಕಿಯಿಂದ "ಕೇಳಿಸ್ತಾ ಇದೆಯಾ? ಇನ್ನೊಂದ್ಸಲ ಹೇಳಿ" ಎಂದು ಅಕ್ಕ ಕೂಗುತ್ತಿದ್ದರೆ ಇನ್ನೇನು ತಿಳಿಯಬೇಕು? ಮೂರು ತಿಂಗಳು ಎಲ್ಲರೂ ಅಂಚೆ ಗುಮಾಸ್ತರಾದ ಆ ಗಂಡನನ್ನು ಕಂಡಲ್ಲೆಲ್ಲ ಗಂಟಲು ಹರಿದುಕೊಂಡು ಮಾತಾಡಿಸಿದೆವು. ಅವರು ಸಂಕೋಚದ ಮನುಷ್ಯ. ಈ ಬೀದಿಯವರಿಗೇ ಏನೋ ಕಿವಿಯ ತೊಂದರೆ ಇರಬೇಕೆಂದು ಅವರೂ ಕಿರುಚಿಯೇ ಉತ್ತರ ಕೊಡುತ್ತಿದ್ದರು.

ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಕ್ಕನಿಗೆ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋದ ಲೈಸೆನ್ಸ್ ಇತ್ತು, ಅವಳು ಕೂಗುತ್ತಿದ್ದುದು ಅದರಲ್ಲಿ, ಅಷ್ಟೇ ವಿಷಯ. ಮಹಡಿಯಲ್ಲಿ ಒಂದು ಮುದಿ ರೇಡಿಯೋ ಸೆಟ್ಟು, ಅದಕ್ಕಿಂತ ತುಸುವೇ ಚಿಕ್ಕ ವಯಸ್ಸಿನ ಕಂಪ್ಯೂಟರು, ನಡುವೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಮೋಡೆಮ್ಮು. ಕಂಪ್ಯೂಟರಿನಲ್ಲಿ ಬರೆದದ್ದನ್ನು ತುಂಡು ತುಂಡು ಮಾಡಿ ರೇಡಿಯೋದಲ್ಲಿ ಕಳಿಸುವ ಏರ್ಪಾಡು ಅದು. ಒಂದು ಅಕ್ಷರ ಕೆಟ್ಟರೂ ಆಚೆ ಕಡೆಯ ಕಂಪ್ಯೂಟರು ಆ ತುಂಡನ್ನು ತುಟಿ ಬಿಚ್ಚದೆ ಎಸೆಯುತ್ತದೆ.

ಆ ಮಳೆಗಾಲ ಹೊಳೆ ಉಕ್ಕಿ ಸೇತುವೆ ಕುಸಿದು, ಫೋನುಗಳು ಸತ್ತು ಎರಡು ದಿನವಾಗಿತ್ತು. ಹೊಳೆಯಾಚೆಯ ಆಸ್ಪತ್ರೆಯಲ್ಲಿ ಅಕ್ಕನ ತಂಗಿ ನರ್ಸು. ಅವಳಿಗೂ ಪರೀಕ್ಷೆ ಕಟ್ಟಿಸಿ ಲೈಸೆನ್ಸನ್ನೂ ಇಂಥದೇ ಏರ್ಪಾಡನ್ನೂ ಕೊಡಿಸಿದವಳು ಅಕ್ಕನೇ. ಅಲ್ಲಿ ನಲವತ್ತು ರೋಗಿಗಳು, ಖಾಲಿಯಾದ ಔಷಧಿ ಬೀರು. ಔಷಧಿಯ ದೋಣಿ ನಾಲ್ಕು ಗಂಟೆಗೆ ಹೊರಡಬೇಕು. ನೀರು ಏರುತ್ತಿದ್ದುದರಿಂದ ಮತ್ತೆ ಹೋಗುವ ಮಾತೇ ಇರಲಿಲ್ಲ. ಯಾವ ಔಷಧಿ, ಎಷ್ಟು ಎಂಬ ಹದಿನಾಲ್ಕು ಸಾಲಿನ ಪಟ್ಟಿಯನ್ನು ಬಾಯಲ್ಲಿ ಹೇಳಿಸಿದರೆ ಅರ್ಧಕ್ಕರ್ಧ ಗೊರಗೊರ ಸದ್ದಿನಲ್ಲಿ ಮುಳುಗುತ್ತಿತ್ತು. ಅಂದಾಜಿನ ಮೇಲೆ ಔಷಧಿ ಕಳಿಸುವುದಿಲ್ಲವೆಂದು ಈ ದಡದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಮಧ್ಯಾಹ್ನ ಎರಡೂ ಐವತ್ತು. ತಂಗಿಯ ಕಂಪ್ಯೂಟರು "ಇದ್ದೀಯಾ?" ಎಂದು ಕೇಳಿತು, ಅಕ್ಕನ ಪರದೆಯ ಮೇಲೆ ಅದು ಕಾಣಿಸಿತು. ಅಕ್ಕನ ಕಂಪ್ಯೂಟರು "ಇದ್ದೀನಿ" ಎಂದಿತು. ತಂಗಿಯದು ಮತ್ತೆ "ಇದ್ದೀಯಾ?" ಎಂದಿತು. ಹತ್ತು ಸಲ ಕೇಳಿ, ಇಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ಕೈಬಿಟ್ಟಿತು.

ರೇಡಿಯೋದಲ್ಲಿ ತಂಗಿಯ ದನಿ ಹರಿದು ಹರಿದು ಬಂತು. "ಅಕ್ಕಾ, ನಿನ್ನ ಕಂಪ್ಯೂಟರಿಂದ ಏನೂ ಬರ್ತಿಲ್ಲ. ನಮ್ಮ ಬ್ಯಾಟರಿ ಇನ್ನೊಂದೆರಡು ಸಲಕ್ಕೆ ಸಾಕಾದ್ರೆ ಹೆಚ್ಚು."

"ಸರಿ, ಆಫ್ ಮಾಡಿಟ್ಟಿರು. ಮೂರೂ ಕಾಲಿಗೆ ಕರಿ," ಎಂದಳು ಅಕ್ಕ.

ಪಕ್ಕದಲ್ಲಿ ರೇಡಿಯೋ ಸಂಘದ ಅಧ್ಯಕ್ಷರು ಕೋಟು ತೊಟ್ಟು ನಿಂತಿದ್ದರು. ಅಕ್ಕನ ಕಂಪ್ಯೂಟರಿಗೆ ರೇಡಿಯೋದ ಸಾಫ್ಟ್‌ವೇರನ್ನು ಹಾಕಿ, ತಮ್ಮ ಹೊಸ ಸೆಟ್ಟಿಗೆ ಹೊಂದುವ ಅಂಕಿಗಳನ್ನೇ ಇದರಲ್ಲೂ ತುಂಬಿ ಕೊಟ್ಟಿದ್ದವರು ಅವರೇ.

"ನೋಡಮ್ಮಾ, ತಪ್ಪು ಈ ಕಂಪ್ಯೂಟರಿನದು. ಇದನ್ನ ಮ್ಯೂಸಿಯಮ್ಮಿಗೆ ಕೊಡಿ. ನನ್ನ ಲ್ಯಾಪ್‌ಟಾಪ್ ತಂದಿದೀನಿ."

ಲ್ಯಾಪ್‌ಟಾಪು ಚೀಲದಿಂದ ಗಾಂಭೀರ್ಯದಿಂದ ಹೊರಬಂತು. ಮೋಡೆಮ್ಮಿನ ಅಗಲ ಮೂತಿಯ ಕೇಬಲ್ಲನ್ನು ಚುಚ್ಚಲು ಅದರಲ್ಲಿ ತೂತೇ ಇರಲಿಲ್ಲ. ಅಧ್ಯಕ್ಷರು ಅದನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಬಂದಷ್ಟೇ ಗಾಂಭೀರ್ಯದಿಂದ ಒಳಗಿಟ್ಟರು.

"ರೀ, ಸ್ವಲ್ಪ ಆ ಫ್ಯಾನ್ ಆರಿಸಿ," ಎಂದಳು ಅಕ್ಕ ಗಂಡನಿಗೆ. "ಯಾರೂ ಮಾತಾಡಬೇಡಿ."

ಕಳಿಸುವ ಗುಂಡಿಯನ್ನು ಒತ್ತಿ ಕಣ್ಣು ಮುಚ್ಚಿ ಆಲಿಸಿದಳು. ಮೋಡೆಮ್ಮು ಜರ್ರೆಂದಿತು. ಆಮೇಲೆ ರೇಡಿಯೋದೊಳಗೆ ಟಕ್ ಎಂದಿತು. ಇನ್ನೊಮ್ಮೆ ಒತ್ತಿದಳು. ಮೊದಲು ಜರ್ರು, ಆಮೇಲೆ ಟಕ್ಕು.

ಹೊಲಿಗೆ ಯಂತ್ರದಲ್ಲಿ ಸೂಜಿ ಇಳಿಯುವ ಮೊದಲೇ ಕೆಳಗಿನ ಕೊಕ್ಕೆ ತಿರುಗಿ ಹೋದರೆ ದಾರ ಸಿಗದೆ ಹೊಲಿಗೆ ತಪ್ಪುತ್ತದೆ. ಇಪ್ಪತ್ತು ವರ್ಷದಿಂದ ಅವಳ ಸಂಸಾರ ನಡೆದದ್ದೇ ಆ ತಪ್ಪನ್ನು ತಿದ್ದಿ.

"ಸೆಟ್ಟು ಕೇಳೋದು ಬಿಟ್ಟು ಮಾತಿಗೆ ತಿರುಗೋ ಮೊದಲೇ ಮಾತು ಶುರುವಾಗ್ತಿದೆ. ತಲೆ ಇಲ್ಲದ ಮಾತು ಹೋಗ್ತಿದೆ, ಅದಕ್ಕೇ ಅವರು ಎಸೀತಿದಾರೆ. ಕಾಯೋ ಹೊತ್ತು ಎಷ್ಟಿಟ್ಟಿದೀರಿ ಅಧ್ಯಕ್ಷರೇ?"

"ಹತ್ತು, ಅಂದ್ರೆ ಸೆಕೆಂಡಿನ ಹತ್ತನೇ ಒಂದು ಪಾಲು. ವೇಗ ಇರಬೇಕಲ್ಲಮ್ಮಾ."

ಅಕ್ಕ ಸೆಟ್ಟಿಂಗ್ ಫೈಲು ತೆರೆದು ಹತ್ತನ್ನು ಅಳಿಸಿ ಐವತ್ತು ಮಾಡಿದಳು.

"ಐವತ್ತಾ? ಪ್ರತಿ ಸಲ ಅರ್ಧ ಸೆಕೆಂಡು ದಂಡ."

"ಭಾಷಣಕ್ಕೆ ಮೊದಲು ನೀವು ಗಂಟಲು ಸರಿಮಾಡ್ಕೊಳ್ಳೋದು ಎಷ್ಟು ಹೊತ್ತು?"

ಗುಮಾಸ್ತರು ಗೋಡೆಯ ಕಡೆ ತಿರುಗಿ ನಕ್ಕರು.

ಬದಲಾವಣೆ ಹಿಡಿಯಬೇಕಾದರೆ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಬೇಕು. ಆಗ ಮೂರೂ ಹತ್ತು. ಅದು ತನ್ನ ನೆನಪಿನ ಶಕ್ತಿಯನ್ನು ಒಂದೊಂದೇ ಅಂಕಿಯಾಗಿ ಎಣಿಸುತ್ತ ಕೂತಿತು. ಮೂರೂ ಹದಿಮೂರಾಯಿತು. ಡಿಸ್ಕು ಗರಗರ ಅಂದು, ನಿಂತು, ಮತ್ತೆ ಗರಗರ ಅಂದಿತು. ಮೂರೂ ಕಾಲಿಗೆ ಸರಿಯಾಗಿ ತಂಗಿಯ "ಇದ್ದೀಯಾ?" ಬಂದಾಗ ಪರದೆ ಇನ್ನೂ ಅರ್ಧ ಕಪ್ಪು. ಎರಡು, ಮೂರು, ನಾಲ್ಕು ಎಂದು ಅಕ್ಕ ರೇಡಿಯೋದ ಸದ್ದಿನಲ್ಲೇ ಎಣಿಸಿದಳು. ಏಳನೆಯದಕ್ಕೆ ಸಾಫ್ಟ್‌ವೇರು ಕಣ್ಣು ಬಿಟ್ಟಿತು.

ಎಂಟು. ಟಕ್ಕು, ಆಮೇಲೆ ಜರ್ರು.

ಒಂಬತ್ತನೆಯ ಸಲ ಅದು ಕೇಳಲಿಲ್ಲ. ಪರದೆಯ ಮೇಲೆ ಮೊದಲ ಸಾಲು ಮೂಡಿತು.

ಗುಮಾಸ್ತರು ಪ್ರತಿ ಸಾಲನ್ನೂ ಅಂಚೆ ಕಚೇರಿಯ ದುಂಡು ಅಕ್ಷರದಲ್ಲಿ ಬರೆದುಕೊಂಡರು. ಹನ್ನೊಂದನೆಯ ಸಾಲಿಗೆ ಎಲ್ಲ ನಿಂತುಹೋಯಿತು. ಒಂದು ನಿಮಿಷ ಕಳೆಯಿತು. ಆಮೇಲೆ ಹನ್ನೆರಡು ಬಂತು, ಹದಿಮೂರು ಬಂತು, ಹದಿನಾಲ್ಕು ಬಂದ ಕೂಡಲೇ ಆಚೆ ದಡ ಪೂರ್ತಿ ಮೌನವಾಯಿತು. ಬ್ಯಾಟರಿ ಮುಗಿದಿತ್ತು. ಗುಮಾಸ್ತರು ಚೀಟಿ ಜೇಬಿಗಿಟ್ಟು ಡಾಕ್ಟರ ಬಳಿಗೆ ಸೈಕಲ್ ತುಳಿದರು. ದೋಣಿ ಐದು ನಿಮಿಷ ತಡವಾಗಿ, ತುಂಬಿಕೊಂಡು ಹೊರಟಿತು.

ಮಾರನೆಯ ದಿನ ಅಧ್ಯಕ್ಷರು ಪತ್ರಿಕೆಯವನೊಬ್ಬನನ್ನು ಕರೆತಂದರು, ತಮ್ಮ ಫೋಟೊವನ್ನೂ ತಂದಿದ್ದರು. ಅಕ್ಕ ಯಾವುದೋ ಯಂತ್ರದ ಹೊಟ್ಟೆಯೊಳಗೆ ಎಣ್ಣೆ ಬಿಡುತ್ತಿದ್ದಳು.

"ಅಕ್ಕ-ತಂಗಿ, ನಡುವೆ ಉಕ್ಕುವ ಹೊಳೆ," ಎಂದ ಅವನು ಪೆನ್ನು ಹಿಡಿದು. "ಪರದೆ ಮೇಲೆ ನಿಮ್ಮ ತಂಗಿಯವರ ಮನದಾಳದ ಮೊದಲ ಮಾತು ಯಾವುದು ಬಂತು ಮೇಡಂ?"

"ಸಲೈನು, ಅರವತ್ತು ಬಾಟ್ಲಿ."