ಅಂಕದ ಮೇಷ್ಟ್ರು

ನಮ್ಮ ಲೈಬ್ರರಿಯ ಕಿಟಕಿ ಪಕ್ಕದ ಕುರ್ಚಿ ಅಂಕದ ಮೇಷ್ಟ್ರದು. ಅವರು ನಿವೃತ್ತರಾದರೂ ಅವರ ಕೆಂಪು ಪೆನ್ಸಿಲ್ಲಿಗೆ ನಿವೃತ್ತಿಯಿಲ್ಲ. ಕಾದಂಬರಿಯಲ್ಲಿ ಯಾರು ಏನು ಮಾಡಿದರೂ ಪುಟದ ಅಂಚಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಬಿದ್ದೇ ಬೀಳುತ್ತದೆ. ಹೆಂಡತಿಯನ್ನು ಗದರಿದ ನಾಯಕನಿಗೆ ನಾಲ್ಕು, ಮದುವೆಯ ದಿನವೇ ಸುರಿದ ಮಳೆಗೆ ಎರಡು. "ಪುಸ್ತಕ ಹಾಳಾಗುತ್ತೆ ಮೇಷ್ಟ್ರೇ" ಎಂದರೆ, "ಹಾಳಾಗಿರೋದು ಅದರೊಳಗಿನ ಜನ ಕಣಮ್ಮ" ಎನ್ನುತ್ತಾರೆ. ಮನೆಯಲ್ಲಿ ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಹಾಗಾಗಿ ನಾನು ಬಾಗಿಲು ಹಾಕುವವರೆಗೂ ಇಲ್ಲೇ ಕೂತು ಕಾಗದದ ಜನರ ಜೊತೆ ಜಗಳ ಕಾಯುತ್ತಾರೆ. ಬಡತನದ ಒಂದು ಕಾದಂಬರಿಯಲ್ಲಿ ಅಡುಗೆಯವಳು ತನ್ನ ಮಕ್ಕಳಿಗೆಂದು ಒಡೆಯನ ಮನೆಯ ಹಾಲು ಕದ್ದಾಗ, ದೊಡ್ಡ ಸೊನ್ನೆ ಸುತ್ತಿ, "ಕೆಲಸದಿಂದ ತೆಗೆದದ್ದೇ ಸರಿ" ಎಂದು ಷರಾ ಬರೆದಿದ್ದರು. ಆದರೆ ಅದೇ ಪುಸ್ತಕವನ್ನು ಈ ವರ್ಷ ನಾಲ್ಕು ಸಲ ಮನೆಗೊಯ್ದರು. ನಿನ್ನೆ ಅದು ವಾಪಸು ಬಂದಾಗ ಆ ಪುಟ ತೂತಾಗಿತ್ತು; ರಬ್ಬರಿನಿಂದ ಉಜ್ಜಿ ಉಜ್ಜಿ ಸೊನ್ನೆಯ ಜೊತೆಗೆ ಕಾಗದವೂ ಹೋಗಿತ್ತು. "ಏನು ಮೇಷ್ಟ್ರೇ ಇದು?" ಎಂದೆ. ಅವರು ಆ ತೂತಿನ ಮೇಲೆ ಬೆರಳಿಟ್ಟರು. "ನಮ್ಮನೇಲೂ ಒಬ್ಬಳು ಅಡುಗೆಯವಳಿದ್ಲು ಕಣಮ್ಮ, ಹನ್ನೊಂದು ವರ್ಷ. ಒಂದು ಲೋಟ ಹಾಲಿಗೆ ಓಡಿಸಿಬಿಟ್ಟೆ. ಈಗ ಅವಳ ಮಕ್ಕಳು ಹೇಗಿದಾರೆ ಅಂತ ನೋಡ್ಕೊಂಡು ಬರೋಣ ಅಂದ್ರೆ, ಅವಳ ಮನೆ ಎಲ್ಲಿ ಅಂತ ನಾನು ಒಂದು ದಿನಾನೂ ಕೇಳಿರಲಿಲ್ಲ."