ಅಜ್ಜಿಯ ಕೈಗೆ ಚಿಪ್ಪು

ನಾನು ಚಿಕ್ಕವನಿದ್ದಾಗ ಎಲ್ಲದಕ್ಕೂ ವಾದ ಮಾಡುತ್ತಿದ್ದೆ. ಸೂರ್ಯ ಮುಳುಗಿದ ಎಂದರೆ, ಮುಳುಗೋಕೆ ಅಲ್ಲಿ ನೀರೆಲ್ಲಿದೆ ಎಂದು ಕೇಳುವವನು ನಾನು. ಆದರೆ ಯಾವ ವಾದವೂ ಕೆಲಸಕ್ಕೆ ಬಾರದೆ, ಒಂದು ಬಟ್ಟಲು ಗಂಜಿಯಿಂದ ಎಲ್ಲ ಸರಿಹೋದ ದಿನವೊಂದಿದೆ. ಅದು ಈಗಲೂ ಕನಸಿನ ಹಾಗೆ ಕಣ್ಣಮುಂದೆ ತೇಲುತ್ತದೆ.

ನಮ್ಮ ಮನೆ ಹಿರೀಸಾವೆ ಕಡೆ. ಹಿತ್ತಲಿನಲ್ಲಿ ತೆಂಗಿನ ಮರಗಳು. ಆ ವರ್ಷ ಅಜ್ಜಿಗೆ ಕೈ ನಡುಗುವುದು ಶುರುವಾಗಿತ್ತು. ಬೆಳಗಿನ ರಾಗಿ ಗಂಜಿ ತುಂಬಿದ ಹಿತ್ತಾಳೆ ಲೋಟ ಭಾರ, ಮೇಲೆ ಬೆಂಕಿಯಂಥ ಬಿಸಿ. ತುಟಿ ತಲುಪುವ ಮೊದಲೇ ಸೀರೆಯ ಮೇಲೆ ಚೆಲ್ಲುತ್ತಿತ್ತು. ಅವ್ವ ಕುಡಿಸಲು ಕೂತರೆ ಅಜ್ಜಿ ಎರಡು ಗುಟುಕಿಗೇ ಬಾಯಿ ಮುಚ್ಚಿ, "ಸಾಕು ಕಣವ್ವ" ಎನ್ನುತ್ತಿದ್ದಳು. ಹೊಟ್ಟೆ ತುಂಬಿರುತ್ತಿರಲಿಲ್ಲ. ಮನೆಮಂದಿಗೆಲ್ಲ ಉಣಬಡಿಸಿದವಳಿಗೆ ಕೂಸಿನಂತೆ ಕುಡಿಸಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ. ದಿನದಿನಕ್ಕೆ ಬಡವಾಗುತ್ತಿದ್ದಳು.

ಬಚ್ಚಲಿನಲ್ಲಿ ಸುಡುನೀರು ಮೊಗೆಯುವಾಗ ನನಗೊಂದು ವಿಷಯ ಹೊಳೆಯಿತು. ಹಿತ್ತಾಳೆ ಚೊಂಬು ಕೈ ಸುಡುತ್ತಿತ್ತು. ಪಕ್ಕದಲ್ಲೇ ಮೊಗೆಯಲು ಇಟ್ಟಿದ್ದ ತೆಂಗಿನ ಚಿಪ್ಪು ಸುಡುತ್ತಿರಲಿಲ್ಲ! ಹಾಗಾದರೆ ಅಜ್ಜಿಗೂ ಒಂದು ಚಿಪ್ಪಿನ ಬಟ್ಟಲು ಮಾಡಬಾರದೇಕೆ?

ಹಿತ್ತಲಿಗೆ ಓಡಿ, ಅವ್ವ ತುರಿದು ಬಿಸಾಡಿದ್ದ ಒಂದು ಹೋಳು ತಂದೆ. ಅದರ ನೆತ್ತಿಯಲ್ಲಿ ಮೂರು ಕಣ್ಣು.

"ಕಣ್ಣಿರೋದು ಬ್ಯಾಡ ಕಣ್ಲಾ, ಸೋರ್ತದೆ" ಎಂದಳು ಅಕ್ಕ.

"ಮೂರ್ರಲ್ಲಿ ಎರಡು ಗಟ್ಟಿ ಅವೆ. ಸೋರಿದ್ರೆ ಒಂದು ತಾನೇ?"

"ಒಂದು ಸೋರಿದ್ರೆ ಸಾಲ್ದೇನ್ಲಾ, ಲಾಯರಪ್ಪಾ?"

ಅಲ್ಲಿ ನಾನು ಸೋತೆ. ಕಣ್ಣಿಲ್ಲದ ಹೋಳು ಹುಡುಕಿ ತಂದೆ. ಅಕ್ಕ ಒಡೆದ ಗಾಜಿನ ಚೂರಿನಿಂದ ಹೊರಗಿನ ನಾರು ಕೆರೆದಳು. ನಾನು ಒದ್ದೆ ಮರಳು ಹಾಕಿ ಒಳಗೆ ಉಜ್ಜಿದೆ. ಆಮೇಲೆ ಬೆಕ್ಕಿನ ನಾಲಿಗೆಯಂತೆ ಒರಟಾದ ಗರಗತ್ತಿ ಎಲೆಯಿಂದ ತಿಕ್ಕಿದೆವು. ಸರಸರ, ಸರಸರ. ತೆಂಗಿನ ಗರಿಗಳ ನೆರಳು ನಮ್ಮ ಮೈಮೇಲೆ ಮೀನುಗಳಂತೆ ಓಡಾಡುತ್ತಿತ್ತು. ಹಾರಿದ ಪುಡಿಗೆ ಹುರಿದ ಕೊಬ್ಬರಿಯ ವಾಸನೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆ ಸವರಿದಾಗ ಚಿಪ್ಪು, ಕೆರೆಯಿಂದ ಆಗತಾನೆ ಎದ್ದು ಬಂದ ಎಮ್ಮೆಯಂತೆ ಮಿರಮಿರ ಮಿಂಚಿತು.

ಆ ಮಿಂಚು ತೋರಿಸುವ ಆತುರದಲ್ಲಿ ಜಗುಲಿಗೆ ಓಡಿ, ಬಟ್ಟಲನ್ನು ಅಜ್ಜಿಯ ಕೈಗೆ ಇಟ್ಟೆ. ಅಪ್ಪ ಆಗಷ್ಟೇ ಹೊಲದಿಂದ ಬಂದಿದ್ದರು. ಅವರ ಮುಖ ಕೆಂಪಾಯಿತು.

"ನಮ್ಮವ್ವನ್ ಕೈಗೆ ಚಿಪ್ಪು ಕೊಟ್ಯೇನ್ಲಾ?"

ನಮ್ಮ ಕಡೆ ಕೈಗೆ ಚಿಪ್ಪು ಕೊಡುವುದೆಂದರೆ, ಏನೂ ಉಳಿಸದೆ ಭಿಕ್ಷೆಗೆ ಕಳಿಸುವುದು. ಆ ಮಾತು ನನಗೂ ಗೊತ್ತಿತ್ತು. ಆದರೂ ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಸಾರು ಬಡಿಸೋ ಸೌಟೂ ಚಿಪ್ಪಿಂದೇ ಅಲ್ವಾ, ಅಪ್ಪ? ದೇವ್ರಿಗೆ ಒಡ್ಯೋದೂ ಇದೇ ಕಾಯಿ ತಾನೇ?"

"ಬಾಯ್ ಮುಚ್ಚು! ಆಚೆ ಬಿಸಾಕು ಅದ್ನ!"

ಅಕ್ಕ ಬಾಗಿಲ ಹಿಂದೆ ಸರಿದಳು. ಅಜ್ಜಿ ಮಾತ್ರ ನಡುಗುವ ಬೆರಳಿನಿಂದ ಬಟ್ಟಲ ಅಂಚನ್ನು ಸುತ್ತ ಸವರಿದಳು, ನಮ್ಮ ಕೆನ್ನೆ ಸವರುವ ಹಾಗೆ. ಆಮೇಲೆ ಅದನ್ನು ನನಗೇ ಚಾಚಿದಳು.

"ಬರೀ ಚಿಪ್ಪು ಕೊಟ್ರೆ ತಾನೇ ತಪ್ಪು? ತುಂಬಿಸ್ಕೊಂಡ್ ಬಾ ಓಗ್ಲಾ."

ಓಡಿದೆ. ಅವ್ವ ಬಿಸಿ ಗಂಜಿ ಸುರಿದಳು. ಅಜ್ಜಿ ಎರಡೂ ಅಂಗೈಗಳ ನಡುವೆ ಬಟ್ಟಲು ಹಿಡಿದು ಬಾಯಿಗೆತ್ತಿದಳು. ಗಂಜಿ ತುಳುಕಿತು, ಚೆಲ್ಲಲಿಲ್ಲ. ಸೊರ್ ಎಂದು ಕೊನೆಯ ಹನಿಯವರೆಗೂ ಕುಡಿದು, "ಇನ್ನೊಂಚೂರು ಆಕವ್ವ" ಎಂದಳು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಪ್ಪ ಸೋತೆ ಎನ್ನಲಿಲ್ಲ. ಎನ್ನುವವರೂ ಅಲ್ಲ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತೆಂಗಿನ ನಾರು ಹೊಸೆಯುತ್ತ ಕೂತಿದ್ದರು. ತಲೆಯ ಮೇಲೆ ಕೊಡ ಹೊರಲು ಇಟ್ಟುಕೊಳ್ಳುತ್ತಾರಲ್ಲ, ಸಿಂಬಿ, ಅಂಥದ್ದೇ ಪುಟ್ಟದೊಂದು. ದುಂಡನೆಯ ಚಿಪ್ಪು ಉರುಳದಂತೆ ಅದರ ಮೇಲೆ ಕೂತಿತು.

ಮಕ್ಕಳೇ, ನಿಮ್ಮ ಬಾಟಲಿಗಳಿಗೆ ಮುಚ್ಚಳವಿದೆ, ಕೊಳವೆಯಿದೆ, ಮೇಲೆ ನಿಮ್ಮ ಹೆಸರೂ ಇದೆ. ಬೆಳಿಗ್ಗೆ ಹಾಕಿದ ಹಾಲು ಸಂಜೆಗೂ ಬಿಸಿ. ಆದರೆ ಒಳಗೆ ಬಿಸಿಯಿದೆಯೋ ತಣ್ಣಗಿದೆಯೋ, ಹಿಡಿದ ಕೈಗೆ ತಿಳಿಯುವುದಿಲ್ಲ. ನಮ್ಮ ಚಿಪ್ಪು ಕೈ ಸುಡುತ್ತಿರಲಿಲ್ಲ, ಬೆಚ್ಚಗಿದ್ದೇನೆ ಎಂದು ಮಾತ್ರ ಹೇಳುತ್ತಿತ್ತು.

ಮೊನ್ನೆ ಮೊಮ್ಮಗಳು ಹಾಸನದ ಅಂಗಡಿಯೊಂದರಿಂದ ರಟ್ಟಿನ ಡಬ್ಬಿ ತಂದಳು. ಒಳಗೆ ಮಿರಮಿರ ಮಿಂಚುವ ಚಿಪ್ಪಿನ ಬಟ್ಟಲು. "ತಾತ, ಇದು ಹೊಸ ಫ್ಯಾಷನ್ನು!" ಎಂದು ನಡುಗುವ ನನ್ನ ಕೈಗೆ ಇಡಲು ಬಂದಳು. ನಾನು ಕೈ ಹಿಂದೆಳೆದುಕೊಂಡೆ.

"ತುಂಬಿಸ್ಕೊಂಡ್ ಬಾ ಓಗಮ್ಮ."

"ಯಾಕೆ? ಬರೀದು ಕೊಟ್ರೆ ಏನಾಗುತ್ತೆ?" ಎಂದು ಸೊಂಟಕ್ಕೆ ಕೈಯಿಟ್ಟು ವಾದಕ್ಕೆ ನಿಂತಳು.

ನಮ್ಮ ಮನೆಯ ಬಾಯಿ ಎಲ್ಲೂ ಹೋಗಿಲ್ಲ.